ವಾಯುಪಡೆಯ ಐದನೆಯ ನಕ್ಷತ್ರ

ಭಾರತೀಯ ವಾಯುಪಡೆಯ ಅತ್ಯುನ್ನತ ಪದವಿ ಯಾವುದೆಂದು ಕೇಳಿದರೆ, ಏರ್ ಚೀಫ್ ಮಾರ್ಷಲ್ ಎಂದು ಕೆಲವರು, ಮಾರ್ಷಲ್ ಆಫ್ ದಿ ಇಂಡಿಯನ್ ಏರ್ ಫೋರ್ಸ್ ಎಂದು ಕೆಲವರು ಉತ್ತರಿಸುತ್ತಾರೆ. ಹುದ್ದೆಗೂ ಗೌರವಕ್ಕೂ ಇರುವ ವ್ಯತ್ಯಾಸವನ್ನು ಮರೆತಾಗ ಈ ಗೊಂದಲ ಹುಟ್ಟುತ್ತದೆ. ಮೊದಲನೆಯದು ನಾಲ್ಕು ನಕ್ಷತ್ರಗಳದು, ವಾಯುಪಡೆಯ ಮುಖ್ಯಸ್ಥರ ಹುದ್ದೆಯೊಂದಿಗೆ ಬರುವಂಥದ್ದು. ಎರಡನೆಯದು ಐದು ನಕ್ಷತ್ರಗಳದು, ಯಾವ ಹುದ್ದೆಗೂ ಅಂಟಿಕೊಳ್ಳದೆ, ಸರ್ಕಾರ ಮನಸ್ಸು ಮಾಡಿದಾಗ ಮಾತ್ರ ಸಿಗುವಂಥದ್ದು. ಅದನ್ನು ಪಡೆದವರು ಬದುಕಿರುವವರೆಗೂ ಸೇವೆಯಲ್ಲಿರುವವರೆಂದೇ ಲೆಕ್ಕ.

ಹೆಸರುಗಳ ಮೂಲ ಬ್ರಿಟನ್ನಿನದು. ಅಲ್ಲಿ 1919ರಲ್ಲಿ ವಾಯುಪಡೆಗೆ ಪ್ರತ್ಯೇಕ ಪದವಿಗಳು ರೂಪುಗೊಂಡಾಗ, ಮೊದಲು ಸೂಚಿಸಿದ್ದ ‘ಮಾರ್ಷಲ್ ಆಫ್ ದಿ ಏರ್’ ಎಂಬ ಹೆಸರು ದೇವರಿಗಷ್ಟೇ ಒಪ್ಪುವಂತಿದೆ ಎಂದು ದೊರೆ ಐದನೆಯ ಜಾರ್ಜ್ ಆಕ್ಷೇಪಿಸಿದರೆಂಬ ಮಾತಿದೆ. ಸ್ವತಂತ್ರ ಭಾರತವು ಅದೇ ಏಣಿಯನ್ನು ಉಳಿಸಿಕೊಂಡಿತಾದರೂ ಮೇಲಿನ ಮೆಟ್ಟಿಲುಗಳನ್ನು ಬಳಸಲಿಲ್ಲ: ಭೂಸೇನೆಯ ಮುಖ್ಯಸ್ಥರು ನಾಲ್ಕು ನಕ್ಷತ್ರಗಳ ಜನರಲ್ ಆಗಿದ್ದಾಗ, 1954ರಲ್ಲಿ ವಾಯುಪಡೆಯ ಮೊದಲ ಭಾರತೀಯ ಮುಖ್ಯಸ್ಥರಾದ ಸುಬ್ರತೋ ಮುಖರ್ಜಿಯವರೂ ಮೂರು ನಕ್ಷತ್ರಗಳ ಏರ್ ಮಾರ್ಷಲ್ ಆಗಿಯೇ ಉಳಿದರು.

ಬದಲಾವಣೆ ತಂದದ್ದು 1965ರ ಯುದ್ಧ. ಸೆಪ್ಟೆಂಬರ್ 1ರಂದು ಜಮ್ಮುವಿನ ಛಂಬ್ ವಲಯದಲ್ಲಿ ಪಾಕಿಸ್ತಾನದ ಟ್ಯಾಂಕುಗಳು ನುಗ್ಗಿದಾಗ, ವಿಮಾನಗಳನ್ನು ಎಷ್ಟು ಹೊತ್ತಿಗೆ ಕಳಿಸಬಹುದೆಂದು ಕೇಳಿದ್ದಕ್ಕೆ ಒಂದು ಗಂಟೆಯೊಳಗೆ ಎಂದು ಹೇಳಿ, ಆ ಸಂಜೆಯೇ ಪಠಾಣ್‌ಕೋಟ್‌ನಿಂದ ಹಾರಿಸಿದವರು ಆಗಿನ ವಾಯುಪಡೆಯ ಮುಖ್ಯಸ್ಥ ಅರ್ಜನ್ ಸಿಂಗ್. ಮುಖ್ಯಸ್ಥರಾದಾಗ ಅವರಿಗೆ 45 ವರ್ಷ. ಯುದ್ಧ ಮುಗಿದ ಮೇಲೆ, 1966ರ ಜನವರಿಯಲ್ಲಿ, ಅವರು ದೇಶದ ಮೊದಲ ಏರ್ ಚೀಫ್ ಮಾರ್ಷಲ್ ಆದರು. ನೌಕಾಪಡೆಯ ಮುಖ್ಯಸ್ಥರಿಗೆ ನಾಲ್ಕು ನಕ್ಷತ್ರಗಳ ಅಡ್ಮಿರಲ್ ಪದವಿ ದಕ್ಕಲು 1968 ಬರಬೇಕಾಯಿತು. 1969ರ ಜುಲೈನಲ್ಲಿ ಅರ್ಜನ್ ಸಿಂಗ್ ನಿವೃತ್ತರಾದರು.

ಐದನೆಯ ನಕ್ಷತ್ರದ ಕಥೆ ಮಾತ್ರ ಯಾವ ಸೂತ್ರಕ್ಕೂ ಸಿಗುವುದಿಲ್ಲ. ಭೂಸೇನೆಯ ಮುಖ್ಯಸ್ಥ ಮಾಣಿಕ್ ಷಾ ಅವರಿಗೆ 1973ರ ಜನವರಿಯಲ್ಲಿ, ನಿವೃತ್ತಿಗೆ ಕೆಲವೇ ದಿನ ಉಳಿದಿರುವಾಗ, ಭೂಸೇನೆಯ ಐದು ನಕ್ಷತ್ರಗಳ ಪದವಿಯಾದ ಫೀಲ್ಡ್ ಮಾರ್ಷಲ್ ಬಂತು. 1953ರಲ್ಲೇ ನಿವೃತ್ತರಾಗಿದ್ದ ಕೊಡಗಿನ ಕಾರ್ಯಪ್ಪನವರು ಅದಕ್ಕಾಗಿ 1986ರವರೆಗೆ ಕಾಯಬೇಕಾಯಿತು. (1965ರಲ್ಲಿ ಅವರ ಮಗ ನಂದಾ ಕಾರ್ಯಪ್ಪ ಅರ್ಜನ್ ಸಿಂಗರ ಪಡೆಯ ಪೈಲಟ್ ಆಗಿ ಪಾಕಿಸ್ತಾನದಲ್ಲಿ ಸೆರೆಸಿಕ್ಕಿದ್ದರು.) ವಾಯುಪಡೆಯ ಸರದಿ ಬಂದದ್ದು 2002ರ ಜನವರಿಯಲ್ಲಿ, ಆಗ ಅರ್ಜನ್ ಸಿಂಗರಿಗೆ 82. ಇಷ್ಟು ತಡವಾಗಿಯಾದರೂ ಬಂದ ಗೌರವವನ್ನು ಸ್ವಾಗತಿಸಬೇಕು ನಿಜ, ಆದರೆ 1971ರ ಯುದ್ಧದಲ್ಲಿ ವಾಯುಪಡೆಯನ್ನು ಮುನ್ನಡೆಸಿದ ಪಿ.ಸಿ. ಲಾಲ್ 1982ರಲ್ಲೇ ತೀರಿಕೊಂಡಿದ್ದರೆಂಬುದನ್ನು ನೆನೆದರೆ, ಈ ಪದವಿಗೆ ಸಾಧನೆಯಷ್ಟೇ ದೀರ್ಘಾಯುಷ್ಯವೂ ಬೇಕೇನೋ ಎನ್ನಿಸುತ್ತದೆ.

2016ರಲ್ಲಿ, ಅರ್ಜನ್ ಸಿಂಗರ 97ನೇ ಹುಟ್ಟುಹಬ್ಬದಂದು, ಪಶ್ಚಿಮ ಬಂಗಾಳದ ಪಾನಾಗಢ ವಾಯುನೆಲೆಗೆ ಅವರ ಹೆಸರಿಡಲಾಯಿತು. ಮರುವರ್ಷ ಸೆಪ್ಟೆಂಬರ್ 16ರಂದು ಅವರು ನಿಧನರಾದ ಮೇಲೆ ಆ ಪದವಿ ಮತ್ತೊಬ್ಬರಿಗೆ ಸಂದಿಲ್ಲ. ನೌಕಾಪಡೆಯಲ್ಲಂತೂ ಐದು ನಕ್ಷತ್ರಗಳನ್ನು ಇದುವರೆಗೆ ಯಾರೂ ಧರಿಸಿಲ್ಲ.