ಅಳೆದು ಕುಡಿಸಬೇಕಾದ ಹಾಲು

‘ಮಗು ಚೆನ್ನಾಗಿ ಹಾಲು ಕುಡಿಯುತ್ತಿದೆ, ನಿದ್ದೆ ಮಾಡುತ್ತಿದೆ. ಕಾಯಿಲೆ ಎಲ್ಲಿಂದ ಬಂತು ಡಾಕ್ಟರೇ?’ ಫಿನೈಲ್‌ಕೀಟೋನೂರಿಯ, ಅಂದರೆ ಪಿಕೆಯು ಇದೆ ಎಂದು ತಿಳಿಸಿದಾಗ ಹೆತ್ತವರು ಕೇಳುವುದು ಇದನ್ನೇ. ಅವರ ಮಾತು ಸುಳ್ಳಲ್ಲ. ಗರ್ಭದಲ್ಲಿದ್ದಷ್ಟು ಕಾಲ ಮಗುವಿನ ಪಾಲಿನ ಕೆಲಸವನ್ನೂ ತಾಯಿಯ ದೇಹವೇ ಮಾಡಿಕೊಟ್ಟಿರುತ್ತದೆ. ತೊಂದರೆ ಶುರುವಾಗುವುದು ಹಾಲೂಡಿಸಿದ ಮೇಲೆ.

ಹಾಲು, ಬೇಳೆ, ಮೊಟ್ಟೆ, ಮಾಂಸ ಇವೆಲ್ಲದರ ಪ್ರೋಟೀನಿನಲ್ಲೂ ಫಿನೈಲ್‌ಅಲನೈನ್ ಎಂಬ ಅಮೈನೋ ಆಮ್ಲವಿದೆ. ಬೆಳವಣಿಗೆಗೆ ಬೇಕಾದಷ್ಟು ಬಳಕೆಯಾಗಿ ಮಿಕ್ಕದ್ದನ್ನು ಯಕೃತ್ತಿನ ಒಂದು ಕಿಣ್ವ ಟೈರೋಸಿನ್ ಆಗಿ ಬದಲಿಸುತ್ತದೆ. ಈ ಕಿಣ್ವದ ಜೀನ್ 12ನೇ ವರ್ಣತಂತುವಿನಲ್ಲಿದೆ. ತಂದೆ, ತಾಯಿ ಇಬ್ಬರಿಂದಲೂ ದೋಷವಿರುವ ಪ್ರತಿಯೇ ಬಂದರೆ ಕಿಣ್ವ ಸರಿಯಾಗಿ ಕೆಲಸ ಮಾಡುವುದಿಲ್ಲ. ರಕ್ತದಲ್ಲಿ ಡೆಸಿಲೀಟರಿಗೆ 1ರಿಂದ 2 ಮಿಲಿಗ್ರಾಂ ಇರಬೇಕಾದ ಫಿನೈಲ್‌ಅಲನೈನ್ ತೀವ್ರ ಬಗೆಯಲ್ಲಿ 20ನ್ನೂ ದಾಟುತ್ತದೆ. ಮಿದುಳಿನ ಬಾಗಿಲಲ್ಲಿ ಅದೇ ತುಂಬಿಕೊಂಡು ಬೇರೆ ಅಮೈನೋ ಆಮ್ಲಗಳಿಗೆ ದಾರಿ ಕೊಡುವುದಿಲ್ಲ. ಹಾಗೇ ಬಿಟ್ಟರೆ ಕೆಲವೇ ತಿಂಗಳಲ್ಲಿ ಬುದ್ಧಿಯ ಬೆಳವಣಿಗೆ ಕುಂಠಿತವಾಗುತ್ತದೆ. ಫಿಟ್ಸ್, ಇಸುಬು, ಮೈಯಿಂದ ಮುಗ್ಗಲು ವಾಸನೆ ಕಾಣಿಸಿಕೊಳ್ಳುತ್ತವೆ.

ಈ ವಾಸನೆಯ ಕಾರಣ ಕೇಳುತ್ತಾ ನಾರ್ವೆಯ ತಾಯಿಯೊಬ್ಬರು ತಮ್ಮ ಇಬ್ಬರು ಮಕ್ಕಳಿಗಾಗಿ ವೈದ್ಯರಿಂದ ವೈದ್ಯರಿಗೆ ಅಲೆದಿದ್ದರು. ಕೊನೆಗೆ 1934ರಲ್ಲಿ ಆಸ್ಬ್ಯೋರ್ನ್ ಫೋಲಿಂಗ್ ಆ ಮಕ್ಕಳ ಮೂತ್ರ ಪರೀಕ್ಷಿಸಿ ರೋಗವನ್ನು ಗುರುತಿಸಿದರು. ಆದರೆ ಆ ಹೊತ್ತಿಗೆ ಮಿದುಳಿಗೆ ಆಗಬೇಕಾದ ಹಾನಿ ಆಗಿಹೋಗಿತ್ತು. 1960ರ ದಶಕದಲ್ಲಿ ರಾಬರ್ಟ್ ಗತ್ರಿ ಅವರ ಪರೀಕ್ಷೆ ಬಂದ ಮೇಲೆ ಹಿಮ್ಮಡಿಯಿಂದ ತೆಗೆದ ಕೆಲವು ಹನಿ ರಕ್ತದಲ್ಲೇ, ಲಕ್ಷಣ ಕಾಣುವ ಮೊದಲೇ ಇದನ್ನು ಪತ್ತೆಮಾಡುವುದು ಸಾಧ್ಯವಾಯಿತು.

ತಾಯಿ ಬಸುರಿನಲ್ಲಿ ಏನು ತಿಂದಳು ಎಂಬ ವಿಚಾರಣೆಯನ್ನು ದಯವಿಟ್ಟು ಯಾರೂ ನಡೆಸಬೇಡಿ. ದೋಷದ ಒಂದೊಂದು ಪ್ರತಿ ಹೊತ್ತ ದಂಪತಿ ಪೂರ್ಣ ಆರೋಗ್ಯವಾಗಿಯೇ ಇರುತ್ತಾರೆ. ಅಂಥವರ ಪ್ರತಿ ಬಸುರಿನಲ್ಲೂ ಮಗುವಿಗೆ ಪಿಕೆಯು ಬರುವ ಸಂಭವ ನಾಲ್ಕರಲ್ಲಿ ಒಂದು.

ಚಿಕಿತ್ಸೆಯ ಮಾತಿಗೆ ಬಂದಾಗ ನನ್ನನ್ನು ಹೆಚ್ಚು ಚಿಂತೆಗೀಡುಮಾಡುವುದು ಹೆತ್ತವರ ಅಲಕ್ಷ್ಯವಲ್ಲ, ಅವರ ಭಯ. ಪ್ರೋಟೀನ್ ಕೆಟ್ಟದ್ದೆಂದು ಕೇಳಿದ ಕೂಡಲೇ ಎಲ್ಲವನ್ನೂ ನಿಲ್ಲಿಸಿಬಿಡುವವರಿದ್ದಾರೆ. ಫಿನೈಲ್‌ಅಲನೈನ್ ಮಗುವಿನ ಬೆಳವಣಿಗೆಗೆ ಬೇಕೇ ಬೇಕು. ತೀರ ಕಡಿಮೆಯಾದರೆ ದೇಹ ತನ್ನ ಸ್ನಾಯುಗಳನ್ನೇ ಕರಗಿಸಿಕೊಳ್ಳುತ್ತದೆ, ಅದರಿಂದ ರಕ್ತದ ಮಟ್ಟ ಮತ್ತೆ ಏರುತ್ತದೆ. ಜ್ವರ ಬಂದು ಮಗು ಊಟ ಬಿಟ್ಟಾಗ ಆಗುವುದೂ ಇದೇ. ಆದ್ದರಿಂದ ಫಿನೈಲ್‌ಅಲನೈನ್ ಇಲ್ಲದ ವಿಶೇಷ ಹಾಲಿನ ಪುಡಿಯ ಜೊತೆಗೆ ಎದೆಹಾಲನ್ನೂ ಅಳತೆಯಲ್ಲಿ ಕೊಡಿಸುತ್ತೇವೆ. ಪದೇ ಪದೇ ರಕ್ತ ಪರೀಕ್ಷಿಸಿ ಅಳತೆಯನ್ನು ಬದಲಿಸುತ್ತೇವೆ. ದೊಡ್ಡವರಾದ ಮೇಲೂ ಪಥ್ಯ ಬಿಡುವಂತಿಲ್ಲ; ಬಿಟ್ಟರೆ ಏಕಾಗ್ರತೆ ಕುಗ್ಗುತ್ತದೆ, ಮನಸ್ಸು ಕಳವಳಗೊಳ್ಳುತ್ತದೆ. ಸಕ್ಕರೆ ರಹಿತ ಪಾನೀಯಗಳಲ್ಲಿರುವ ಆಸ್ಪರ್ಟೇಮ್ ಕೂಡ ಫಿನೈಲ್‌ಅಲನೈನ್‌ನ ಮೂಲವೇ.

ಕೆಲವರಿಗೆ ಸಪ್ರಾಪ್ಟೆರಿನ್ ಮಾತ್ರೆ ನೆರವಾಗುತ್ತದೆ, ಎಲ್ಲರಿಗೂ ಅಲ್ಲ.

ಹೆಣ್ಣುಮಗುವಿದ್ದರೆ ಇನ್ನೊಂದು ಮಾತನ್ನು ಮೊದಲೇ ಹೇಳಿಡುತ್ತೇನೆ. ಮುಂದೆ ಅವಳು ತಾಯಿಯಾಗುವಾಗ ಅವಳ ರಕ್ತದಲ್ಲಿ ಫಿನೈಲ್‌ಅಲನೈನ್ ಹೆಚ್ಚಿದ್ದರೆ, ಪಿಕೆಯು ಇಲ್ಲದ ಭ್ರೂಣಕ್ಕೂ ಅದು ದಾಟಿ ಮಿದುಳು, ಹೃದಯಗಳಿಗೆ ಪೆಟ್ಟು ಕೊಡಬಲ್ಲದು. ಗರ್ಭ ನಿಲ್ಲುವ ಮೊದಲೇ ಮಟ್ಟವನ್ನು 6 ಮಿಲಿಗ್ರಾಂಗಿಂತ ಕೆಳಗೆ ತಂದು ಹೆರಿಗೆಯವರೆಗೂ ಹಾಗೇ ಕಾಯ್ದುಕೊಂಡರೆ ಆರೋಗ್ಯವಂತ ಮಗುವನ್ನು ಅವಳು ಖಂಡಿತ ನಿರೀಕ್ಷಿಸಬಹುದು.