ಬೇಲಿಯ ಸುಂಡೆ, ಖಾಲಿ ಬಲೆ

ಸಕಲೇಶಪುರದ ಕಾಫಿ ತೋಟಗಳ ಅಂಚಿನಲ್ಲಿ ಯಾರೂ ನೆಡದೆ, ಯಾರೂ ನೀರೆರೆಯದೆ ಆಳೆತ್ತರ ಬೆಳೆಯುವ ಮುಳ್ಳುಗಿಡ ಸುಂಡೆ. ಎಳೆಗಾಯಿಯನ್ನು ಮಜ್ಜಿಗೆಯಲ್ಲಿ ನೆನೆಸಿ ಬಾಳಕ ಮಾಡುವವರನ್ನು ಬಿಟ್ಟರೆ ಉಳಿದವರಿಗೆ ಅದು ಬರೀ ಕಳೆ. ಬ್ಯಾಕ್ಟ್ರೊಸೆರಾ ಲ್ಯಾಟಿಫ್ರಾನ್ಸ್ ಎಂಬ ಹಣ್ಣಿನ ನೊಣಕ್ಕೆ ಮಾತ್ರ ಅದು ತವರುಮನೆ.

ಕೊಳೆತ ಬಾಳೆಹಣ್ಣಿಗೆ ಮುತ್ತುವ ಪುಟಾಣಿ ನೊಣ ಇದಲ್ಲ. ಇದರ ಹೆಣ್ಣು ಗಟ್ಟಿಯಾಗಿರುವ ಕಾಯಿಯ ಸಿಪ್ಪೆಯನ್ನೇ ಚುಚ್ಚಿ ಒಳಗೆ ಮೊಟ್ಟೆಯಿಡುತ್ತದೆ. ಮರಿಹುಳುಗಳು ತಿರುಳು ತಿಂದು ಬೆಳೆದು ನೆಲಕ್ಕೆ ಬಿದ್ದು ಮಣ್ಣಿನಲ್ಲಿ ಕೋಶಾವಸ್ಥೆಗೆ ಹೋಗುತ್ತವೆ. ಸುಂಡೆ, ಕಾಕಿಗಿಡದಂತಹ ಕಳೆಗಳಲ್ಲದೆ ಅವುಗಳ ನೆಂಟರಾದ ಬದನೆ, ಮೆಣಸಿನಕಾಯಿ, ಟೊಮೆಟೊಗಳಿಗೂ ಇದು ಬರುತ್ತದೆ. ಹಾಸನದ ಆಲೂಗಡ್ಡೆಯೂ ಇದೇ ಕುಟುಂಬದ್ದು. ಆದರೆ ನೊಣಕ್ಕೆ ಬೇಕಾದುದು ಗೆಡ್ಡೆಯಲ್ಲ, ಹಣ್ಣು. (ಆಲೂಗಡ್ಡೆ ಬೆಳೆಗಾರರಿಗೆ ಅಂಗಮಾರಿಯ ಚಿಂತೆಯೇ ಸಾಕಷ್ಟಿದೆ.)

ಏಷ್ಯಾ ಮೂಲದ ಈ ನೊಣ 1983ರಲ್ಲಿ ಹವಾಯಿಯಲ್ಲಿ, 2006ರಲ್ಲಿ ಟಾಂಜಾನಿಯಾದಲ್ಲಿ ಪತ್ತೆಯಾಯಿತು. ಹವಾಯಿಯಲ್ಲಿ ತರಕಾರಿ ಕೊಯ್ಲು ಮುಗಿದ ಮೇಲೂ ಅದನ್ನು ಸಾಕಿದ್ದು ಸುಂಡೆಯಂತಹ ಕಾಡುಗಿಡಗಳು.

ತೋಟದಲ್ಲಿ ಮೋಹಕ ಬಲೆ ತೂಗುಹಾಕಿ ನಿಶ್ಚಿಂತರಾಗುವವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಮಾವಿನ ನೊಣದ ಗಂಡುಗಳು ಮೀಥೈಲ್ ಯುಜೆನಾಲ್ ವಾಸನೆಗೆ, ಹಾಗಲ ಮತ್ತು ಸೌತೆಯ ನೊಣದ ಗಂಡುಗಳು ಕ್ಯೂ ಲೂರ್ ವಾಸನೆಗೆ ಮುಗಿಬೀಳುತ್ತವೆ. ಲ್ಯಾಟಿಫ್ರಾನ್ಸ್ ಎರಡಕ್ಕೂ ಸೊಪ್ಪು ಹಾಕುವುದಿಲ್ಲ. ಅದನ್ನು ಸೆಳೆಯುವುದು ಆಲ್ಫಾ ಅಯೊನಾಲ್ ಎಂಬ ಬೇರೆಯೇ ರಾಸಾಯನಿಕ, ಅದೂ ಅಷ್ಟೇನೂ ಜೋರಾಗಿ ಅಲ್ಲ. ಹೀಗಾಗಿ ಮಾವಿಗೆಂದು ತಂದ ಬಲೆ ಬದನೆ ಮಡಿಯಲ್ಲಿ ಖಾಲಿ ಇದ್ದರೆ ಅದರಿಂದ ತಿಳಿಯುವುದು ಏನೂ ಇಲ್ಲ. ಬಲೆಗಿಂತ ಚಾಕುವೇ ಮೇಲು ಎಂಬುದು ನನ್ನ ಅಭಿಪ್ರಾಯ.

ಹುಳುಕು ಬದನೆ ಕಂಡರೆ ನಮ್ಮಲ್ಲಿ ಬೈಗುಳವೆಲ್ಲ ಕಾಯಿಕೊರಕದ ಪಾಲಿಗೆ. ಬಹುಪಾಲು ಅದು ನ್ಯಾಯವೇ. ಆದರೂ ಕಾಯಿಯನ್ನು ಹೆಚ್ಚಿ ನೋಡಬೇಕು. ಕೊರಕದ ಹುಳುವಿಗೆ ಸ್ಪಷ್ಟವಾದ ತಲೆ, ಕಾಲುಗಳು ಇರುತ್ತವೆ, ಕಾಯಿಯ ಮೇಲೆ ತೂತೂ ಕಾಣುತ್ತದೆ. ನೊಣದ ಮರಿಗೆ ಕಾಲಿಲ್ಲ. ಬೆಳ್ಳಗೆ, ಒಂದು ತುದಿ ಚೂಪು. ಚೆನ್ನಾಗಿ ಬಲಿತಿದ್ದರೆ ಮೈ ಬಾಗಿಸಿ ಟಣ್ಣನೆ ಹಾರುತ್ತದೆ! ಅಂತಹ ಕಾಯಿಗಳನ್ನು ಗೊಬ್ಬರದ ಗುಂಡಿಗೆ ಎಸೆದರೆ ಮರಿಗಳಿಗೆ ಮಣ್ಣು ತಲುಪಿಸಿಕೊಟ್ಟ ಹಾಗೆ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಬಿಸಿಲಿಗಿಟ್ಟರೆ ಒಳಗೇ ಸಾಯುತ್ತವೆ. ಬೇಲಿಯ ಸುಂಡೆ ಹಣ್ಣಿಗೂ ಇದೇ ಉಪಾಯ ಸಾಕು. ಬಾಡುರೋಗ ತಡೆಯಲು ಬದನೆಯನ್ನು ಕಸಿ ಕಟ್ಟುವುದು ಸುಂಡೆಯ ಬುಡದ ಮೇಲೆಯೇ ಆದ್ದರಿಂದ ಗಿಡವನ್ನೇ ಕಡಿದುಹಾಕಲು ನನಗಂತೂ ಮನಸ್ಸಿಲ್ಲ.