ಕಾರ್ಡ್ ಇದೆ, ಆಸ್ಪತ್ರೆ ಎಷ್ಟು ದೂರ?

'ಎಲ್ಲರಿಗೂ ಆರೋಗ್ಯ ರಕ್ಷಣೆ' ಪಾಠದಲ್ಲಿ ನಾವು ಹೆಚ್ಚಿನವರು ಎಡವೋದು ಒಂದೇ ಕಡೆ. ವಿಮೆ ಸಿಕ್ಕರೆ ಚಿಕಿತ್ಸೆಯೂ ಸಿಕ್ಕಿತು ಅಂದುಕೊಳ್ಳುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆ ಕೇಳುವುದು ಮೂರು ಪ್ರಶ್ನೆ: ಯಾರಿಗೆ ಸಿಗುತ್ತದೆ, ಏನೇನು ಸಿಗುತ್ತದೆ, ಜೇಬಿನಿಂದ ಎಷ್ಟು ಹೋಗುತ್ತದೆ. ಕೊಡಗಿನವರು ನಾಲ್ಕನೆಯದನ್ನೂ ಸೇರಿಸಿಕೊಳ್ಳಿ: ಎಷ್ಟು ದೂರ?

ಆರೋಗ್ಯ ಕಾರ್ಡಿನ ವಿಷಯ ಬೇಗ ಮುಗಿಸೋಣ. 2018ರಲ್ಲಿ ಆಯುಷ್ಮಾನ್ ಭಾರತ್, ಆರೋಗ್ಯ ಕರ್ನಾಟಕ ಎರಡೂ ಸೇರಿ ಒಂದೇ ಯೋಜನೆಯಾದವು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎಪಿಎಲ್‌ನವರಿಗೆ ಸರ್ಕಾರ ಕೊಡುವುದು ಪ್ಯಾಕೇಜ್ ದರದ, ಅಂದರೆ ಆ ಚಿಕಿತ್ಸೆಗೆ ಗೊತ್ತುಮಾಡಿದ ದರದ, ಶೇ 30 ಮಾತ್ರ. ತುರ್ತು ಅಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ರೆಫರಲ್ ಬರೆಸಿಕೊಳ್ಳಬೇಕು.

ಈಗ ಕೊಡಗಿನ ಸಿದ್ದಾಪುರದ ಕಡೆಯ ಒಂದು ತೋಟದ ಲೈನ್‌ಮನೆ, ಅಂದರೆ ಕೂಲಿಯವರ ಸಾಲುಮನೆ ಅಂದುಕೊಳ್ಳಿ. ಕಾಫಿ ಕೊಯ್ಯುವ ಹೆಂಗಸಿಗೆ ಹೃದಯದ ಆಪರೇಷನ್ ಆಗಬೇಕು. ಆಪರೇಷನ್‌ಗೆ ದುಡ್ಡು ಬೇಡ, ಸರಿ. ಆದರೆ ರೆಫರಲ್ ಚೀಟಿಗೆ ಒಂದು ದಿನ, ಮೈಸೂರಿನ ಬಸ್ಸಿಗೆ ಇನ್ನೊಂದು ದಿನ. ಜೊತೆಗೆ ಮಗ ಬರಬೇಕು, ಇಬ್ಬರ ಕೂಲಿಯೂ ಹೋಯಿತು. ಇದ್ಯಾವುದೂ ಪ್ಯಾಕೇಜಿನಲ್ಲಿ ಬರೋಲ್ಲ ಅಲ್ವಾ?

ಅವಳಿಗೆ ರೇಷನ್ ಕಾರ್ಡೇ ಇಲ್ಲದಿದ್ದರೆ? ಬಿಪಿಎಲ್ ಲಾಭಕ್ಕೆ ಅದೇ ಆಧಾರ. ರೇಷನ್ ಕಾರ್ಡಿಗೆ ವಿಳಾಸ ಬೇಕು. ತೋಟದಿಂದ ತೋಟಕ್ಕೆ ಹೋಗುವ ಯರವ ಆದಿವಾಸಿ ಕುಟುಂಬಕ್ಕೆ ಯಾವ ವಿಳಾಸ? 2016ರ ಡಿಸೆಂಬರ್‌ನಲ್ಲಿ ಕೊಡಗಿನ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲು ಕೆಡವಿದಾಗ ಎದ್ದ ಹೋರಾಟ ಸೂರಿಗಾಗಿ. ಅದನ್ನು ಬರೀ ಭೂಮಿಯ ಹೋರಾಟ ಅಂತ ಓದಿಸುತ್ತಾರೆ. ನನಗೆ ಅದು ಆರೋಗ್ಯದ ಹೋರಾಟವೂ ಹೌದು. ಮನೆ ನಂಬರ್ ಇಲ್ಲದವರಿಗೆ ಆಸ್ಪತ್ರೆ ಕೌಂಟರ್‌ನಲ್ಲಿ ತೋರಿಸೋಕೆ ಏನಿರುತ್ತದೆ?

ಆಸ್ಪತ್ರೆ ದೂರ ಅನ್ನುವ ಸಿಟ್ಟು ಒಮ್ಮೆ ಜೋರಾಗಿಯೇ ಹೊರಬಿತ್ತು. ಮಡಿಕೇರಿಯಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು 2016ರಲ್ಲೇ ಶುರುವಾಗಿತ್ತು. ಆದರೂ ತಲೆಗೆ ಪೆಟ್ಟು, ಹೃದಯಾಘಾತ ಅಂದರೆ ಆಂಬ್ಯುಲೆನ್ಸ್ ಸುಮಾರು 120 ಕಿ.ಮೀ. ದೂರದ ಮೈಸೂರಿಗೋ, ಘಾಟಿ ಇಳಿದು ಮಂಗಳೂರಿಗೋ ಓಡುತ್ತಿತ್ತು. ಮಳೆಗಾಲದ ಆ ತಿರುವುಗಳು ಗೊತ್ತಲ್ಲ. 2019ರ ಜೂನ್‌ನಲ್ಲಿ ಕೊಡಗಿನ ಯುವಜನ ಟ್ವಿಟರ್‌ನಲ್ಲಿ 'ತುರ್ತು ಚಿಕಿತ್ಸೆಯ ಆಸ್ಪತ್ರೆ ಕೊಡಿ' ಅಂತ ಅಭಿಯಾನ ಮಾಡಿದರು. ಗಮನಿಸಿ, ಅವರು ಇನ್ನೊಂದು ಕಾರ್ಡ್ ಕೇಳಲಿಲ್ಲ.

ಆಶಾ ಕಾರ್ಯಕರ್ತೆಯರನ್ನೂ ಬಿಡಬೇಡಿ. 2020ರ ಜುಲೈನಲ್ಲಿ, ಕೊರೋನಾ ನಡುವೆಯೇ, ತಿಂಗಳಿಗೆ 12,000 ರೂಪಾಯಿ ಕೊಡಿ ಅಂತ ರಾಜ್ಯದ ಉದ್ದಕ್ಕೂ ಮುಷ್ಕರ ಹೂಡಿದರು. ಲೈನ್‌ಮನೆಯ ಬಾಗಿಲಿಗೆ ಬರುವ ವ್ಯವಸ್ಥೆ ಅಂದರೆ ಅವರೇ.

ಅಭ್ಯಾಸಕ್ಕೆ ಒಂದು ಲೆಕ್ಕ: ನಿಮ್ಮೂರಿಂದ ಮೈಸೂರಿಗೆ ಇಬ್ಬರ ಬಸ್ ಚಾರ್ಜು, ಎರಡು ದಿನದ ಊಟ, ಇಬ್ಬರ ಕೂಲಿ ಕೂಡಿಸಿ. ಕಾರ್ಡ್ ತೋರಿಸುವ ಮುಂಚೆಯೇ ಆಗುವ ಖರ್ಚು ಅದು.